ಅಮ್ಮನ ಎಡಗೈ ಕತ್ತಿ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ನಮ್ಮ ಜಗುಲಿಯಲ್ಲಿ ಕೂತು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಐದು ನಿಮಿಷವಾಗಿರಬೇಕು. ಕತ್ತರಿಯನ್ನು ಪಕ್ಕಕ್ಕೆ ಎಸೆದು, "ಅಜ್ಜ, ಇದು ಸರಿಯಿಲ್ಲ. ಕಾಗದ ಕತ್ತರಿಸೋದೇ ಇಲ್ಲ, ಮಡಚುತ್ತೆ" ಎಂದು ಮುಖ ಊದಿಸಿಕೊಂಡಳು. ನಾನು ತೆಗೆದುಕೊಂಡು ಕತ್ತರಿಸಿದೆ. ಸರಾಗವಾಗಿ ಹೋಯಿತು. ಅವಳ ಸಿಟ್ಟು ಇನ್ನಷ್ಟು ಏರಿತು.

ಆಮೇಲೆ ನನಗೆ ಹೊಳೆಯಿತು. ಪುಟ್ಟಿ ಎಡಗೈಯವಳು. ಮಕ್ಕಳೇ, ಅಂಗಡಿಯಲ್ಲಿ ಸಿಗುವ ಕತ್ತರಿಗಳಲ್ಲಿ ಹೆಚ್ಚಿನವು ಬಲಗೈಯವರಿಗೆಂದು ಮಾಡಿದವು. ಬಲಗೈಯಲ್ಲಿ ಒತ್ತಿದರೆ ಎರಡೂ ಅಲಗುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಡಗೈಯಲ್ಲಿ ಒತ್ತಿದರೆ ದೂರ ಸರಿಯುತ್ತವೆ. ನಡುವೆ ಸಿಕ್ಕಿದ ಕಾಗದ ಮಡಚಿಕೊಳ್ಳುತ್ತದೆ. ನಿಮ್ಮ ತರಗತಿಯಲ್ಲಿ ಎಡಗೈಯವರಿದ್ದರೆ ಕೇಳಿ ನೋಡಿ.

"ತಪ್ಪು ನಿನ್ನದಲ್ಲ, ಕತ್ತರಿಯದು" ಎಂದೆ. ಹಾಗೆ ಹೇಳುತ್ತಿದ್ದಂತೆ ಅಟ್ಟದ ಮೇಲಿದ್ದ ಒಂದು ಹಳೆಯ ಕತ್ತಿ ನೆನಪಾಯಿತು. ಅದು ನನ್ನ ಅಮ್ಮನದು. ಅಮ್ಮನೂ ಎಡಚಿ.

ಕೈ ತಿದ್ದಿದವರು, ಕತ್ತಿ ತಿದ್ದಿದವರು

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದರೆ ನಮ್ಮ ಊರು. ಸ್ವಲ್ಪ ಅಡಕೆ, ಸ್ವಲ್ಪ ಕಾಫಿ, ತಗ್ಗಿನಲ್ಲಿ ಒಂದಷ್ಟು ಗದ್ದೆ. ಮಲೆನಾಡಿನಲ್ಲಿ ಕತ್ತಿಯಿಲ್ಲದೆ ದಿನ ಬೆಳಗಾಗುವುದಿಲ್ಲ. ದನದ ಕೊಟ್ಟಿಗೆಗೆ ಸೊಪ್ಪು ಕಡಿಯಲು ಕತ್ತಿ, ಅಡಕೆ ಕೊನೆ ಇಳಿಸಲು ಕತ್ತಿ, ಅಡಕೆ ಸುಲಿಯಲು ಮೆಟ್ಟುಗತ್ತಿ, ಕಾಫಿ ತೋಟದಲ್ಲಿ ನೆರಳು ಕಡಿಮೆ ಮಾಡುವ ಮರಗಸಿಗೆ ಮತ್ತೊಂದು. ಗಂಡಸರು ಸೊಂಟದ ಹಿಂದೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಮನೆಯಿಂದ ಹೊರಡುತ್ತಿದ್ದರು.

ಅಮ್ಮನ ಪಾಲಿಗೆ ಬಂದದ್ದು ಸೊಪ್ಪಿನ ಕತ್ತಿ. ಅದನ್ನು ಅವಳು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಈಗಿನ ಮಕ್ಕಳಿಗೆ ಇದು ದೊಡ್ಡ ವಿಷಯವಲ್ಲ. ಆಗ ಹಾಗಿರಲಿಲ್ಲ. ಎಡಗೈಯಲ್ಲಿ ಕೊಡಬಾರದು, ಬಡಿಸಬಾರದು, ಉಣ್ಣಬಾರದು. ಬರೆದರೆ ಮೇಷ್ಟ್ರ ಬೆತ್ತ. ತವರಿನಲ್ಲಿ ಬೈದರು, ಇಲ್ಲಿಗೆ ಬಂದ ಮೇಲೆ ನಮ್ಮ ಅಜ್ಜಿ ಬೈದರು. ಊಟಕ್ಕೆ, ಬಡಿಸುವುದಕ್ಕೆ ಬಲಗೈ ರೂಢಿಯಾಯಿತು. ಆದರೆ ಕತ್ತಿ ಮಾತ್ರ ಬಲಗೈಯಲ್ಲಿ ನಿಲ್ಲಲೇ ಇಲ್ಲ. ಸೊಪ್ಪು ಕಡಿದ ರಾತ್ರಿ ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ಬೆರಳುಗಳಲ್ಲಿ ಹಳೆಯ ಗಾಯದ ಗೆರೆಗಳಿದ್ದವು.

ನಾನಾಗ ನಾಲ್ಕನೇ ಕ್ಲಾಸು, 1960ರ ಆಸುಪಾಸು. ಶಾಲೆ ಬಿಟ್ಟ ಮೇಲೆ ನನ್ನ ಠಿಕಾಣಿ ಊರಿನ ಆಚಾರ್ರ ಕುಲುಮೆ. ತಿದಿಯ ಹಗ್ಗ ಎಳೆಯುವ ಕೆಲಸ ನನಗೆ. ಒಂದು ಸಂಜೆ ಆಚಾರ್ರು ನೇಗಿಲಿನ ಗುಳ ಕೊಡಲು ಮನೆಗೆ ಬಂದರು. ಅಂಗಳದಲ್ಲಿ ಅಮ್ಮ ಸೊಪ್ಪು ಕೊಚ್ಚುತ್ತಿದ್ದಳು. ಆಚಾರ್ರು ಕಾಫಿ ಲೋಟ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಅವಳ ಕೈಯನ್ನೇ ನೋಡುತ್ತಾ ನಿಂತರು. ಏನೂ ಹೇಳದೆ ಹೋದರು.

ಅವರು ನೋಡಿದ್ದು ಏನನ್ನು ಎಂಬುದು ನನಗೆ ಬಹಳ ವರ್ಷಗಳ ನಂತರ ಅರ್ಥವಾಯಿತು. ಅವರು ಮಾಡುತ್ತಿದ್ದ ಸೊಪ್ಪಿನ ಕತ್ತಿಯ ಒಂದು ಮೈ ಚಪ್ಪಟೆ, ಇನ್ನೊಂದು ಮೈಗೆ ಇಳಿಜಾರು. ಬಲಗೈಯವರಿಗೆ ಇಳಿಜಾರು ಬಲಕ್ಕಿರಬೇಕು. ಅದೇ ಕತ್ತಿಯನ್ನು ಎಡಗೈಯಲ್ಲಿ ಹಿಡಿದರೆ ನೆಟ್ಟಗೆ ಇಳಿಯದೆ ಹೊರಕ್ಕೆ ಜಾರುತ್ತದೆ. ನೆಟ್ಟಗೆ ಇಳಿಸಬೇಕಾದರೆ ಪ್ರತಿ ಏಟಿಗೂ ಮಣಿಕಟ್ಟು ತಿರುಚಬೇಕು. ದಿನಕ್ಕೆ ಎಷ್ಟು ಏಟು, ವರ್ಷಕ್ಕೆ ಎಷ್ಟು ಏಟು, ನೀವೇ ಲೆಕ್ಕ ಹಾಕಿ.

ಕತ್ತಿ ಹುಟ್ಟಿದ ಬಗೆ

ಎರಡು ದಿನ ಕಳೆದು ಕುಲುಮೆಗೆ ಹೋದಾಗ ಆಚಾರ್ರು ಎಸ್ಟೇಟಿನ ಹಳೆ ಲಾರಿಯ ಪ್ಲೇಟಿನ ತುಂಡೊಂದನ್ನು ಇದ್ದಿಲ ಕೆಂಡಕ್ಕೆ ಇಟ್ಟಿದ್ದರು. ಲಾರಿ, ಜೀಪುಗಳ ಚಕ್ರದ ಮೇಲೆ ಭಾರ ತಾಳಲು ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವು. ಬರಿಯ ಮೆದು ಕಬ್ಬಿಣದಲ್ಲಿ ಹರಿತ ನಿಲ್ಲುವುದಿಲ್ಲ. ಈ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು, ಅಥವಾ ಅದಕ್ಕಿಂತ ತುಸು ಹೆಚ್ಚು, ಇಂಗಾಲ ಸೇರಿರುತ್ತದೆ. ಅಷ್ಟು ಚೂರು ಇಂಗಾಲವೇ ಅದನ್ನು ಹದ ಹಿಡಿಯುವ ಉಕ್ಕಾಗಿಸುತ್ತದೆ.

ನಾನು ಹಗ್ಗ ಎಳೆದೆ. ತಿದಿ ಉಸಿರುಬಿಟ್ಟಿತು. ಪಟ್ಟಿ ಕೆಂಪಾಯಿತು. ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟು ಬಡಿದರು. ಆರಿತು, ಮತ್ತೆ ಕೆಂಡಕ್ಕೆ. ಹೀಗೆ ಎಷ್ಟು ಸಲವೋ. ಕತ್ತಿಯ ಆಕಾರ ಬಂದ ಮೇಲೆ ಅರ ಹಾಕಿ ಉಜ್ಜತೊಡಗಿದರು. "ಆಚಾರ್ರೇ, ತಿರುಗಾಮುರುಗ ಉಜ್ತಾ ಇದ್ದೀರಿ" ಎಂದೆ. "ನೀನು ಹಗ್ಗ ಎಳಿ ಮಾರಾಯ" ಎಂದರು.

ನಿಜವಾದ ಪರೀಕ್ಷೆ ಹದ ಕೊಡುವುದರಲ್ಲಿ. ಕುಲುಮೆಯನ್ನು ಯಾಕೆ ಕತ್ತಲ ಮೂಲೆಯಲ್ಲಿ ಕಟ್ಟುತ್ತಾರೆ ಗೊತ್ತೇ? ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಆಚಾರ್ರ ಬಳಿ ಉಷ್ಣಮಾಪಕ ಇರಲಿಲ್ಲ, ಕಣ್ಣೇ ಮಾಪಕ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ, ಪಟ್ಟಿ ಹಣ್ಣು ಕೆಂಪಾದಾಗ, ಅಂಚನ್ನಷ್ಟೇ ಬಾನಿಯ ನೀರಿಗೆ ಅದ್ದಿದರು. ಚುಂಯ್ ಎಂದಿತು. ಈಗ ಅಂಚು ಗಾಜಿನಷ್ಟು ಗಟ್ಟಿ, ಆದರೆ ಗಾಜಿನ ಹಾಗೆಯೇ ಮುರಿಯುತ್ತದೆ. ಕೂಡಲೇ ಕತ್ತಿಯನ್ನು ಎತ್ತಿ ಕಲ್ಲಿನಿಂದ ತಿಕ್ಕಿದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ಮೆಲ್ಲಗೆ ಅಂಚಿನ ಕಡೆ ಹರಿಯಿತು. ಹೊಳೆವ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡಿ, ಕಂದು ಬಣ್ಣಕ್ಕೆ ತಿರುಗಿತು. ಇನ್ನೂ ಕಾದರೆ ನೇರಳೆ, ಆಮೇಲೆ ನೀಲಿ. ಅಲ್ಲಿಗೆ ಅಂಚು ಮೆದುವಾಗುತ್ತದೆ. ಕಂದು ಕಂಡ ಕ್ಷಣ ಇಡೀ ಕತ್ತಿಯನ್ನು ನೀರಿಗೆ ಮುಳುಗಿಸಿದರು. ಇದೆಲ್ಲ ನಡೆಯುವುದು ಕೆಲವೇ ಕ್ಷಣಗಳಲ್ಲಿ, 200ರಿಂದ 300 ಡಿಗ್ರಿಯ ನಡುವೆ. ಮನುಷ್ಯರಲ್ಲೂ ಹದ ಅನ್ನುವುದು ಇದೇ ಇರಬೇಕು: ಗಟ್ಟಿಯೂ ಇರಬೇಕು, ಮುರಿಯಲೂ ಬಾರದು.

ಹಿಡಿಗೆ ಹಳೆಯ ಕಾಫಿ ಗಿಡದ ಬೊಡ್ಡೆ ಹಾಕಿದರು. ಕಾಫಿ ಮರ ಸಣ್ಣದಾದರೂ ಬಲು ಗಟ್ಟಿ.

ಕತ್ತಿಯನ್ನು ಅವರೇ ತಂದು ಅಮ್ಮನ ಮುಂದಿಟ್ಟರು. ಅಮ್ಮ ಒಂದು ಹಿಡಿ ಸೊಪ್ಪು ಕಡಿದಳು. ನಿಲ್ಲಿಸಿದಳು. ಮತ್ತೊಂದು ಹಿಡಿ. ಆಮೇಲೆ ಕತ್ತಿಯನ್ನು ತಿರುಗಿಸಿ, ಹೆಬ್ಬೆರಳಿನಿಂದ ಇಳಿಜಾರು ಸವರಿ ನೋಡಿದಳು.

"ಆಚಾರ್ರೇ, ಇದು ನನ್ನ ಕೈಗೇ ಮಾಡಿದ್ದು."

"ಹೌದಮ್ಮ."

ಹುಟ್ಟಿದಾಗಿನಿಂದ ಎಲ್ಲರೂ ಅವಳ ಕೈಯನ್ನು ತಿದ್ದಲು ನೋಡಿದ್ದರು. ಆಚಾರ್ರು ಕತ್ತಿಯನ್ನು ತಿದ್ದಿದರು. ಅಮ್ಮನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಆಗಿನ ಪದ್ಧತಿಯಂತೆ ಕೂಲಿ ಸುಗ್ಗಿಯಲ್ಲಿ ಭತ್ತದ ರೂಪದಲ್ಲಿ. "ಈ ಸಲ ಒಂದು ಕೊಳಗ ಜಾಸ್ತಿ ಅಳೀತೇನೆ" ಎಂದಳು ಅಮ್ಮ. ಆಚಾರ್ರು ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ: "ಭತ್ತ ಎಲ್ಲರೂ ಕೊಡ್ತಾರಮ್ಮ. ಕತ್ತಿ ತಿರುಗಿಸಿ ನೋಡಿದವರು ನೀವೊಬ್ರೇ."

ಫಾರ್ಮಿನಲ್ಲಿ ಇಲ್ಲದ ಕಾಲಂ

ಬಿ.ಕಾಂ. ಮುಗಿಸಿ ನಾನು ಬ್ಯಾಂಕಿಗೆ ಸೇರಿದೆ. 1969ರ ಜುಲೈಯಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿಗಳಿಗೂ ಶಾಖೆಗಳು ಬರತೊಡಗಿದ ಕಾಲ. 1972ರಲ್ಲಿ ಬಡವರಿಗೆ ನೂರಕ್ಕೆ ನಾಲ್ಕರ ಬಡ್ಡಿಯ ಸಾಲ ಜಾರಿಯಾಗಿತ್ತು. ಆಚಾರ್ರು ತಿದಿಯ ಬದಲು ಕೈಯಲ್ಲಿ ತಿರುಗಿಸುವ ಬ್ಲೋವರ್ ಕೊಳ್ಳಬೇಕೆಂದು ನನ್ನ ಕೌಂಟರಿಗೇ ಬಂದರು. ಫಾರ್ಮು ತುಂಬಿಸುತ್ತಾ, "ತಿಂಗಳಿಗೆ ಎಷ್ಟು ಕತ್ತಿ ಮಾಡ್ತೀರಿ?" ಎಂದು ಕೇಳಿದೆ. "ಕೇಳಿದವರ ಕೈ ನೋಡಿ ಹೇಳ್ಬೇಕು ಮಾರಾಯ್ರೇ" ಎಂದರು. ಅದಕ್ಕೆ ಕಾಲಂ ಇರಲಿಲ್ಲ. ಅಂದಾಜಿನಲ್ಲಿ ಒಂದು ಅಂಕಿ ಬರೆದೆ.

ನಮ್ಮ ಪಕ್ಕದ ಕುದುರೆಮುಖದಲ್ಲಿ ಅದಿರು ಕಂಪನಿ 1976ರಲ್ಲಿ ಶುರುವಾಯಿತು. ಬೆಟ್ಟದ ಅದಿರನ್ನು ಪುಡಿಮಾಡಿ ನೀರಿನೊಂದಿಗೆ ಬೆರೆಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. "ಬೆಟ್ಟದ ಕಬ್ಬಿಣ ಪೈಪಲ್ಲಿ ಹೋಗ್ತದೆ, ನಮಗೆ ಲಾರಿ ಪ್ಲೇಟೇ ಗತಿ" ಎಂದು ಆಚಾರ್ರು ನಗುತ್ತಿದ್ದರು.

ಅವರಿಗೆ ಹೇಳಬೇಕಿದ್ದ ಒಂದು ಸಂಗತಿ ನನಗೆ ಗೊತ್ತಾಗುವ ಹೊತ್ತಿಗೆ ಅವರಿರಲಿಲ್ಲ. ದಕ್ಷಿಣ ಭಾರತದ ಹೆಸರಾಂತ ಉಕ್ಕನ್ನು ಯುರೋಪಿನವರು 'ವೂಟ್ಸ್' ಎಂದು ಕರೆದರು. ಅದು ನಮ್ಮ 'ಉಕ್ಕು' ಶಬ್ದದಿಂದಲೇ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಲಂಡನ್ನಿನಲ್ಲಿ ಚೂರಿ, ಶಸ್ತ್ರಚಿಕಿತ್ಸೆಯ ಹತಾರ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬವರಿಗೆ ಈ ಉಕ್ಕು ಬಹಳ ಹಿಡಿಸಿತ್ತು. ಅದರ ಗುಟ್ಟು ತಿಳಿಯಲು ಅವರು ಮೈಕೇಲ್ ಫ್ಯಾರಡೆಯ ಜೊತೆ ಪ್ರಯೋಗ ಮಾಡಿ 1820ರಲ್ಲಿ ಪ್ರಕಟಿಸಿದರು. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಅದೇ ಫ್ಯಾರಡೆ. ಅವರ ತಂದೆಯೂ ಕಮ್ಮಾರರು!

ಪುಟ್ಟಿಯ ಚೂರಿ

ಅಮ್ಮ ಆ ಕತ್ತಿಯನ್ನು ಕೊನೆತನಕ ಬಳಸಿದಳು. ಮಸೆದು ಮಸೆದು ಅಗಲ ಅರ್ಧಕ್ಕಿಳಿಯಿತು. ಪ್ರತಿ ಆಯುಧಪೂಜೆಗೆ ನನ್ನ ಪೆನ್ನಿನ ಪಕ್ಕ ಅದಕ್ಕೂ ಕುಂಕುಮ. ಅವಳು ಹೋದ ಮೇಲೆ ಅಟ್ಟ ಸೇರಿತು.

ಪುಟ್ಟಿ ಕತ್ತರಿ ಎಸೆದ ಮರುದಿನ ಆ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅವಳನ್ನೂ ಕರೆದುಕೊಂಡು ಕುಲುಮೆಗೆ ಹೋದೆ. ಈಗ ಆಚಾರ್ರ ಮಗ ಇದ್ದಾರೆ, ಅವರಿಗೂ ಅರವತ್ತರ ಮೇಲಾಯಿತು. ಕರೆಂಟಿನ ಬ್ಲೋವರ್, ಉಜ್ಜುವ ಮೆಷೀನು ಬಂದಿವೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹೆಸರು ನೋಂದಾಯಿಸಿದ್ದಾರೆ. ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು, ಬಡ್ಡಿ ನೂರಕ್ಕೆ ಐದು. ಬ್ಯಾಂಕಿನವನಾದ್ದರಿಂದ ಅದನ್ನು ಕೇಳದೆ ಇರಲಾಗಲಿಲ್ಲ!

ಅವರು ಕತ್ತಿ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒಮ್ಮೆ ಸವರಿದರು. "ಎಡಗೈ" ಎಂದರು. ಮತ್ತೆ ಸವರಿ, "ಅಪ್ಪನ ಕೈ" ಎಂದರು. ಅಷ್ಟೇ. ಆಮೇಲೆ ಪುಟ್ಟಿಯ ಅಂಗೈಯನ್ನು ಬಿಡಿಸಿ, ದಾರದಲ್ಲಿ ಅಳತೆ ತೆಗೆದುಕೊಂಡರು.

ವಾರ ಬಿಟ್ಟು ಗೇಣುದ್ದದ ತರಕಾರಿ ಚೂರಿ ಬಂತು. ಇಳಿಜಾರು ಎಡಮೈಗೆ, ಕಾಫಿ ಬೊಡ್ಡೆಯ ಹಿಡಿ. ನಾವು ಮನೆಯಲ್ಲಿ ನಿಯಮ ಮಾಡಿದ್ದೇವೆ: ಅಜ್ಜಿ ಪಕ್ಕದಲ್ಲಿದ್ದರೆ ಮಾತ್ರ ಚೂರಿ ಕೈಗೆ, ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ ಮೇಲಿನ ಶೆಲ್ಫಿಗೆ. ಮಕ್ಕಳೇ, ದೊಡ್ಡವರಿಲ್ಲದೆ ನೀವೂ ಕತ್ತಿ ಮುಟ್ಟಬೇಡಿ.

ಪುಟ್ಟಿ ಮೊದಲು ಹೆಚ್ಚಿದ್ದು ಬೀನ್ಸ್. ನಾಲ್ಕು ತುಂಡು ಹೆಚ್ಚಿ ತಲೆಯೆತ್ತಿ, "ಅಜ್ಜ, ಇದು ನನ್ನ ಮಾತು ಕೇಳುತ್ತೆ" ಎಂದಳು.

ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಜರು ಬರೆದವನು ನಾನು. ರಾತ್ರಿ ಎಂಟರ ತನಕ ಕೂತು ಪೈಸೆಗೆ ಪೈಸೆ ತಾಳೆ ಹಾಕಿದ್ದನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ಒಬ್ಬ ಹಿರಿಯ ಅಧಿಕಾರಿ ಮಾತ್ರ ಒಮ್ಮೆ ಪುಟ ತಿರುಗಿಸಿ, "ಅಕ್ಷರ ಚೆನ್ನಾಗಿದೆ, ಒಂದು ಕಡೆಯೂ ಹೊಡೆದು ಬರೆದಿಲ್ಲ" ಎಂದಿದ್ದರು. ಆ ತಿಂಗಳ ಸಂಬಳ ಎಷ್ಟಿತ್ತೋ ಮರೆತಿದ್ದೇನೆ, ಆ ಮಾತು ಮರೆತಿಲ್ಲ. ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಕೈಯಾರೆ ಮಾಡಿಕೊಟ್ಟ ಬುಟ್ಟಿಯೋ, ಮಣೆಯೋ, ಕತ್ತಿಯೋ ಇದ್ದರೆ ಬಳಸಿ, ಒಮ್ಮೆ ತಿರುಗಿಸಿ ನೋಡಿ. ಮಾಡಿದವರು ಇದ್ದರೆ ಹೋಗಿ ಹೇಳಿ.

ನಾನೂ ಅಂದೇ ಸಂಜೆ ಆಚಾರ್ರ ಮಗನಿಗೆ ಫೋನು ಮಾಡಿ ಪುಟ್ಟಿ ಹೇಳಿದ್ದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬ್ಲೋವರಿನ ಸದ್ದು ಕೇಳುತ್ತಿತ್ತು. ಅದನ್ನು ಆರಿಸಿದರು.

"ಏನಂದ್ಲು ಮಗು? ಇನ್ನೊಂದ್ಸಲ ಹೇಳಿ" ಎಂದರು.

ಮೊದಲ ಸಲವೇ ಸರಿಯಾಗಿ ಕೇಳಿಸಿತ್ತು ಅವರಿಗೆ. ನಾನು ಇನ್ನೊಂದ್ಸಲ ಹೇಳಿದೆ.