ಫಾಗಿಂಗ್ ಯಾಕೆ ಮಾಡ್ತಿಲ್ಲ ಅಂತ ಕೇಳೋ ಮುಂಚೆ: ಪುರಸಭೆ ಆರೋಗ್ಯ ವಿಭಾಗದ ದಿನದ ಕೆಲಸ ಏನು? ಯಾವುದಕ್ಕೆ ಯಾರ ಹತ್ರ ಹೋಗ್ಬೇಕು?

ಮಳೆ ಹಿಡಿದು ನಾಲ್ಕು ದಿನ ಆಗಿರಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಒಂದೇ ಮಾತು: 'ಈ ಮುನ್ಸಿಪಾಲ್ಟಿಯವರು ಹೊಗೆ ಬಿಡೋಕೂ ಬರ್ತಿಲ್ಲ ನೋಡಿ'.

ಹೋದ ಮಳೆಗಾಲದಲ್ಲಿ ನಾನೂ ಅದನ್ನೇ ಸುದ್ದಿ ಮಾಡಿದ್ದೆ. ಅದೇ ವಾರ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಿಡ್ಕೊಂಡು ನಮ್ಮನೆಗೆ ಬಂದರು. ಹಿತ್ತಲಲ್ಲಿದ್ದ ಡ್ರಮ್ಮಿನ ಮುಚ್ಚಳ ತೆಗೆದು 'ಬನ್ನಿ ಇಲ್ಲಿ, ನೋಡಿ' ಅಂದರು. ನೀರಿನಲ್ಲಿ ಸಣ್ಣ ಸಣ್ಣ ಹುಳ ಮೇಲೆ ಕೆಳಗೆ ಆಡ್ತಿದ್ದವು. ಊರಿಗೆಲ್ಲ ಹೊಗೆ ಹಾಕಿ ಅಂತ ಬರೆದವನ ಮನೆಯಲ್ಲೇ ಸೊಳ್ಳೆ ಸಾಕಾಣಿಕೆ! ಆಮೇಲೆ ಈ ಆರೋಗ್ಯ ವಿಭಾಗದವರು ಅಸಲಿಗೆ ಏನು ಮಾಡ್ತಾರೆ ಅಂತ ವಿಚಾರಿಸ್ತಾ ಹೋದೆ. ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ.

ಕಚೇರಿ ಒಂದಲ್ಲ, ಎರಡು

ಮೊದಲ ಗೊಂದಲ ಇಲ್ಲೇ. ಪುರಸಭೆಯ ಆರೋಗ್ಯ ವಿಭಾಗ ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ, ಮುಖ್ಯಾಧಿಕಾರಿ ಕೈಕೆಳಗೆ. ಆರೋಗ್ಯ ನಿರೀಕ್ಷಕರು, ಅಂದರೆ ಹೆಲ್ತ್ ಇನ್‌ಸ್ಪೆಕ್ಟರ್, ದಫೇದಾರರು, ಪೌರಕಾರ್ಮಿಕರು ಇಲ್ಲಿಯವರು. ಕಸ, ಚರಂಡಿ, ಅಂಗಡಿ ಲೈಸೆನ್ಸ್, ಫಾಗಿಂಗ್ ಇವರದ್ದು.

ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿ ಬೇರೆ. ಅದು ಸರ್ಕಾರದ ಆರೋಗ್ಯ ಇಲಾಖೆಯದ್ದು. ಆಶಾ ಕಾರ್ಯಕರ್ತೆಯರು, ಜ್ವರದ ಸರ್ವೆ, ರಕ್ತ ಪರೀಕ್ಷೆ, ಲಸಿಕೆ ಅಲ್ಲಿ. ಜ್ವರದ ಮಾಹಿತಿ ಅಲ್ಲಿಂದ ಪುರಸಭೆಗೆ ಬಂದ ಮೇಲೆ ಆ ಬೀದಿಗೆ ಜನ ಹೋಗ್ತಾರೆ. ಜ್ವರ ಬಂದವರು ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಸುಮ್ಮನಾದರೆ ಎರಡೂ ಕಚೇರಿಗೆ ವಿಷಯವೇ ಗೊತ್ತಾಗಲ್ಲ.

ಬೆಳಗಿನ ಜಾವದ ಲೆಕ್ಕ

ದಿನ ಶುರುವಾಗೋದು ಪೌರಕಾರ್ಮಿಕರ ಹಾಜರಿಯಿಂದ. ರಾಜ್ಯದಲ್ಲಿರೋ ಮಾನದಂಡ 700 ಜನಕ್ಕೆ ಒಬ್ಬ ಪೌರಕಾರ್ಮಿಕ. 35,000 ಜನಸಂಖ್ಯೆಯ ಊರಿಗೆ 50 ಜನ ಬೇಕು ಅಂತಾಯ್ತು. ಅದರಲ್ಲಿ ಒಂದಷ್ಟು ಹುದ್ದೆ ಖಾಲಿ ಇದ್ದು, ನಾಲ್ಕು ಜನ ರಜೆ ಹಾಕಿದರೆ ಒಂದೋ ಎರಡೋ ಬೀದಿ ಆ ದಿನ ಗುಡಿಸದೇ ಉಳಿಯುತ್ತೆ.

ಇದರ ಮೇಲೆ ನಾವು ಅಂಗಡಿಯವರು ಮಾಡೋ ಕೆಲಸ ಒಂದಿದೆ. ಅವರು ಆರಕ್ಕೆ ರಸ್ತೆ ಗುಡಿಸಿ ಹೋಗಿರ್ತಾರೆ, ನಾವು ಒಂಬತ್ತಕ್ಕೆ ಶಟರ್ ಎತ್ತಿ ಒಳಗಿನ ಕಸವನ್ನೆಲ್ಲ ರಸ್ತೆಗೆ ತಳ್ತೀವಿ. ಅದು ಮಳೆ ನೀರಿನ ಜೊತೆ ಚರಂಡಿ ಸೇರಿ ಕಟ್ಟಿಕೊಳ್ಳುತ್ತೆ. ಆಮೇಲೆ 'ಚರಂಡಿ ತೆಗೆಸಿ' ಅಂತ ಅರ್ಜಿ. ಒಡೆದ ಬಲ್ಬು, ಬಾಟಲಿ ಚೂರನ್ನು ಹಸಿ ಕಸದಲ್ಲಿ ಹಾಕೋರೂ ಇದ್ದಾರೆ. ಅದಕ್ಕೆ ಕೈ ಹಾಕೋದು ಒಬ್ಬ ಮನುಷ್ಯ ಅನ್ನೋದು ನೆನಪಿರಲಿ. ಪೇಪರಿನಲ್ಲಿ ಸುತ್ತಿ ಬೇರೆಯಾಗೇ ಕೊಡಿ.

ನಲ್ಲಿ ನೀರು: ಕಣ್ಣಿಗೆ ಕಾಣದ ಕೆಲಸ

ನೀರು ಬಿಡೋ ದಿನ ನಲ್ಲಿ ನೀರನ್ನು ಸಣ್ಣ ಗಾಜಿನ ಕೊಳವೆಗೆ ಹಿಡಿದು, ಎರಡು ಹನಿ ಔಷಧಿ ಹಾಕಿ ಬಣ್ಣ ನೋಡ್ತಾರೆ. ಹಳದಿ ಬಂದರೆ ಕ್ಲೋರಿನ್ ಇದೆ ಅಂತ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅದು ಟ್ಯಾಂಕಿನ ಹತ್ರ ಇದ್ದರೆ ಸಾಲದು, ಕೊನೆ ಮನೆಯ ನಲ್ಲಿಯಲ್ಲೂ ಇರಬೇಕು.

ನಮ್ಮಂಥ ಊರುಗಳಲ್ಲಿ ನೀರು ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಂದು ಸಲ. ಅಪಾಯ ಇರೋದು ಅಲ್ಲೇ. ನೀರು ನಿಂತಾಗ ಪೈಪು ಖಾಲಿಯಾಗುತ್ತೆ. ಪೈಪು ಚರಂಡಿ ದಾಟೋ ಕಡೆ ಬಿರುಕಿದ್ದರೆ ಹೊರಗಿನ ಕೊಳಕನ್ನು ಒಳಗೆ ಎಳ್ಕೊಳ್ಳುತ್ತೆ. ಮೋಟಾರ್ ಇಟ್ಟು ನೇರ ಪೈಪಿನಿಂದ ಎಳೆದರೆ ಇನ್ನೂ ಜಾಸ್ತಿ. ಒಂದೇ ಬೀದಿಯಲ್ಲಿ ನಾಲ್ಕು ಮನೆಗೆ ಕಾಮಾಲೆ, ವಾಂತಿ-ಭೇದಿ ಬಂತು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ನೀರು ವಾಸನೆ ಬಂದರೆ ಅದೇ ದಿನ ನೀರುಗಂಟಿಗೆ ಹೇಳಿ. 'ನೀರು ಸರಿ ಇಲ್ಲ' ಅಂದರೆ ಸಾಲಲ್ಲ, ಯಾವ ಬೀದಿ, ಎಷ್ಟು ಗಂಟೆಗೆ ಅಂತ ಹೇಳಿದರೆ ಒಡೆದ ಜಾಗ ಬೇಗ ಸಿಗುತ್ತೆ. ಹೋಟೆಲ್‌ನವರು ಸಂಪಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ, ಬಕೆಟಿನಲ್ಲಿ ಕದಡಿ, ಮೇಲಿನ ತಿಳಿ ಹಾಕಿ ಒಂದು ಗಂಟೆ ಬಿಟ್ಟು ಬಳಸಬಹುದು. 5,000 ಲೀಟರ್ ಸಂಪಿಗೆ 12.5 ಗ್ರಾಂ. ಕುಡಿಯೋಕೆ ಮಾತ್ರ ಕುದಿಸಿದ ನೀರೇ ಕೊಡಿ.

ಹಾಗಾದ್ರೆ ಫಾಗಿಂಗ್?

ಹೊಗೆಗೆ ಸಾಯೋದು ಆ ಹೊತ್ತಿಗೆ ಹಾರಾಡ್ತಿರೋ ಸೊಳ್ಳೆ ಮಾತ್ರ. ನೀರಿನೊಳಗಿನ ಮರಿಗೆ ಏನೂ ಆಗಲ್ಲ. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತೆ, ಮನೆ ಅಂಗಡಿ ಒಳಗೇ ಬಟ್ಟೆ ಹಿಂದೆ, ಮಂಚದ ಕೆಳಗೆ ಕೂತಿರುತ್ತೆ. ರಸ್ತೆಯಲ್ಲಿ ಬಿಟ್ಟ ಹೊಗೆ ಅಲ್ಲಿಗೆ ಹೋಗೋದು ಕಷ್ಟ. ಹಾಗಾಗಿ ಫಾಗಿಂಗ್ ಮುಖ್ಯವಾಗಿ ಬೇಕಾಗೋದು ಡೆಂಗಿ ಕೇಸ್ ಬಂದ ಮನೆಯ ಸುತ್ತಮುತ್ತ.

ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಂದು ಸಲ ಡ್ರಮ್ಮು, ತೊಟ್ಟಿ ಖಾಲಿ ಮಾಡಿ ಅನ್ನೋದು ಇದಕ್ಕೇ. ಬರೀ ಚೆಲ್ಲಿದರೆ ಆಗಲ್ಲ, ಪಕ್ಕದ ಗೋಡೆಯನ್ನು ಉಜ್ಜಿ ತೊಳೀಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ, ನೀರು ಬಿದ್ದ ತಕ್ಷಣ ಮರಿಯಾಗುತ್ತೆ. ಪಂಕ್ಚರ್ ಅಂಗಡಿ ಟೈರು, ಎಳನೀರು ಬುರುಡೆ, ಫ್ರಿಡ್ಜ್ ಹಿಂದಿನ ತಟ್ಟೆ, ಅಂಗಡಿ ಮೇಲಿನ ಟಾರ್ಪಾಲ್ ಗುಳಿ ಎಲ್ಲ ನೋಡ್ಕೊಳ್ಳಿ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ ದಂಡವನ್ನೂ ಇಟ್ಟಿತು. ಪಟ್ಟಣದಲ್ಲಿ ಮನೆಗೆ 400 ರೂಪಾಯಿ, ಅಂಗಡಿ-ಹೋಟೆಲಿಗೆ 1,000, ಖಾಲಿ ಸೈಟು ಮತ್ತು ಕಟ್ಟಡ ಕೆಲಸ ನಡೆಯೋ ಜಾಗಕ್ಕೆ 2,000. ಹಳ್ಳಿಯಲ್ಲಿ ಇದರ ಅರ್ಧ.

ಅಂಗಡಿ ಬಾಗಿಲಿಗೆ ಬಂದಾಗ

ಪುರಸಭೆ ಕೊಡೋ ಟ್ರೇಡ್ ಲೈಸೆನ್ಸ್ ಬೇರೆ, ತಿಂಡಿ ಪದಾರ್ಥ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತಲ್ಲ. ಪ್ಲಾಸ್ಟಿಕ್ ಕೈಚೀಲಕ್ಕೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. 'ಇದು ದಪ್ಪ ಕವರ್ ಸಾರ್' ಅನ್ನೋ ಮಾತು ಇಲ್ಲಿ ನಡೆಯಲ್ಲ. ಬೀಡಿ ಸಿಗರೇಟು ಮಾರೋರಿಗೆ 2025ರಲ್ಲಿ ಕಾನೂನು ಬದಲಾಗಿದೆ: 18 ಅಲ್ಲ, 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ದಂಡ ಕಟ್ಟಿದರೆ ರಸೀದಿ ಕೇಳಿ ತಗೊಳ್ಳಿ.

ಜನನ-ಮರಣದ ಪುಸ್ತಕ

ಜನನ, ಮರಣ ಯಾವುದೇ ಆಗಲಿ 21 ದಿನದೊಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಾದರೆ ತಿಳಿಸೋ ಹೊಣೆ ಆಸ್ಪತ್ರೆಯವರದ್ದು. ಮನೆಯಲ್ಲಾದರೆ ಮನೆಯವರದ್ದೇ. ಒಂದು ವರ್ಷ ದಾಟಿತೋ, ಮ್ಯಾಜಿಸ್ಟ್ರೇಟ್ ಆದೇಶ ತರಬೇಕಾಗುತ್ತೆ. ಖಾತೆ ಬದಲಾವಣೆ, ಇನ್ಶೂರೆನ್ಸ್ ಹಣ ಎಲ್ಲ ಅಲ್ಲೇ ನಿಲ್ಲುತ್ತೆ. ಮನೆಯಲ್ಲಿ ಅಜ್ಜ ತೀರ್ಕೊಂಡ ದುಃಖದಲ್ಲಿ ಇದನ್ನು ಮರೆಯೋರೇ ಹೆಚ್ಚು.

ಮಗುವಿನ ಹೆಸರಿಲ್ಲದೇ ನೋಂದಣಿ ಆಗಿದ್ದರೆ ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಬೇಕು. ಸ್ಕೂಲ್ ಅಡ್ಮಿಷನ್ ಹಿಂದಿನ ದಿನ ಓಡಬೇಡಿ.

ಕತ್ತರಿಸಿ ಇಟ್ಕೊಳ್ಳಿ

- ಕಸ, ಚರಂಡಿ, ಫಾಗಿಂಗ್, ಟ್ರೇಡ್ ಲೈಸೆನ್ಸ್: ಪುರಸಭೆ ಆರೋಗ್ಯ ನಿರೀಕ್ಷಕರು
- ನೀರು ವಾಸನೆ, ಪೈಪು ಒಡೆದಿರೋದು: ನೀರುಗಂಟಿ, ಪುರಸಭೆ ನೀರು ಸರಬರಾಜು ವಿಭಾಗ
- ಜ್ವರ, ವಾಂತಿ-ಭೇದಿ, ಲಸಿಕೆ: ಆಶಾ ಕಾರ್ಯಕರ್ತೆ, ಸರ್ಕಾರಿ ಆಸ್ಪತ್ರೆ, ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿ
- ಕಲಬೆರಕೆ, ಕೆಟ್ಟ ತಿಂಡಿ: ಆಹಾರ ಸುರಕ್ಷತಾ ಅಧಿಕಾರಿ

ದೂರು ಬಾಯಲ್ಲಿ ಹೇಳಿ ಬರಬೇಡಿ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಕೆಲಸ ಆಗದಿದ್ದರೆ ಆ ಪ್ರತಿ ನಮಗೆ ಕಳಿಸಿ, ಕೇಳೋ ಕೆಲಸ ನಾವು ಮಾಡ್ತೀವಿ. ನಮ್ಮನೆ ಡ್ರಮ್ಮನ್ನು ಈಗ ಪ್ರತಿ ಭಾನುವಾರ ನಾನೇ ಉಜ್ಜಿ ತೊಳೀತೀನಿ.