ಅಡ್ಡಹೆಸರು ಬದಲಿಸುತ್ತಾ ಬಂದ ಕಡಲ ಹುಳು

ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿ ತಾಲ್ಲೂಕಿನಲ್ಲಿತ್ತು. ಇನ್ನೂ ಹಿಂದಕ್ಕೆ ಹೋದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಚಿಕ್ಕೋಡಿ, ಅಥಣಿ 1956ರವರೆಗೆ ಮುಂಬೈ ಆಡಳಿತದವು. ಊರು ಕದಲಿಲ್ಲ, ವಿಳಾಸ ಬದಲಾಯಿತು. ನಾವು ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1946ರಲ್ಲಿ, ಮುಂಬೈ ಕಡಲತೀರದ ಒಂದು ಪುಟ್ಟ ಪ್ರಾಣಿಗೆ ವಿಂಕ್‌ವರ್ತ್ ಎಂಬ ವಿಜ್ಞಾನಿ ‘ಗ್ಲಾಸೊಡೊರಿಸ್ ಬಾಂಬಯಾನಾ’ ಎಂದು ಹೆಸರಿಟ್ಟರು. ಅದರ ವಿಳಾಸವೂ ಹೀಗೇ ಬದಲಾಗುತ್ತಾ ಬಂದಿದೆ.

ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಕಾಣುವ ಬಸವನಹುಳುವಿಗೆ ಚಿಪ್ಪೇ ಇಲ್ಲವೆಂದು ಊಹಿಸಿಕೊಳ್ಳಿ. ಹೆಚ್ಚುಕಡಿಮೆ ಹಾಗಿರುತ್ತದೆ ಈ ಕಡಲ ಹುಳು. ಇದರ ಕುಟುಂಬದ ಹೆಸರು ಕ್ರೊಮೊಡೊರಿಡಿಡೆ. ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಕಣ್ಣು ಕುಕ್ಕುವ ಬಣ್ಣದವು. ತಲೆಯ ಮೇಲಿನ ಎರಡು ಕೊಂಬು ವಾಸನೆ ಹಿಡಿಯುವುದಕ್ಕೆ. ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಅರಳಿರುವುದು ಕಿವಿರು, ಅದೂ ಗುದದ್ವಾರದ ಸುತ್ತ! ಮುಟ್ಟಿದರೆ ಇಡೀ ಹೂವು ಒಳಗೆ ಸೇರಿಕೊಳ್ಳುತ್ತದೆ. ಚಿಪ್ಪಿಲ್ಲದಿದ್ದರೂ ಇದು ಬಸವನಹುಳುವಿನ ಬಳಗವೇ ಎನ್ನಲು ಸಾಕ್ಷಿ ಬೇಕೆ? ಮೊಟ್ಟೆಯಿಂದ ಬರುವ ಮರಿಗೆ ಸುರುಳಿ ಚಿಪ್ಪು ಇರುತ್ತದೆ, ಬೆಳೆಯುವಾಗ ಅದನ್ನು ಕಳಚಿಕೊಳ್ಳುತ್ತದೆ.

ಚಿಪ್ಪು ಹೋದ ಮೇಲೆ ಕಾವಲಿಗೆ ಏನು? ವಿಷ. ಇವು ತಿನ್ನುವುದು ಸ್ಪಂಜು. ಸ್ಪಂಜಿನ ವಿಷವನ್ನು ಜೀರ್ಣಿಸಿಕೊಳ್ಳದೆ ಮೈಯಂಚಿನ ಗ್ರಂಥಿಗಳಲ್ಲಿ ಕೂಡಿಡುತ್ತವೆ. ಕಚ್ಚಲು ಬಂದ ಮೀನಿಗೆ ಮೊದಲು ಸಿಗುವುದು ಆ ಅಂಚೇ.

ಇನ್ನು ಹೆಸರಿನ ವಿಷಯ. ವಿಜ್ಞಾನದಲ್ಲಿ ಅಡ್ಡಹೆಸರು ಮುಂದೆ ಬರುತ್ತದೆ. ಗ್ಲಾಸೊಡೊರಿಸ್ ಆಗಿದ್ದದ್ದು ಆಮೇಲೆ ‘ಕ್ರೊಮೊಡೊರಿಸ್’ ಆಯಿತು. ಆಕಾರ, ಬಣ್ಣ, ನಾಲಿಗೆಯ ಮೇಲಿನ ಹಲ್ಲುಗಳನ್ನು ನೋಡಿ ಗುಂಪು ಮಾಡುತ್ತಿದ್ದ ಕಾಲ ಅದು. 2012ರಲ್ಲಿ ಜಾನ್ಸನ್ ಮತ್ತು ಗಾಸ್ಲೈನರ್ ಡಿಎನ್‌ಎ ಹೋಲಿಸಿ ನೋಡಿದರೆ, ಒಂದೇ ಮನೆಯವರೆಂದುಕೊಂಡವರು ಬೇರೆಬೇರೆ ಮನೆಯವರು! ಪೀಸ್ ಎಂಬವರು 1866ರಲ್ಲಿ ಕೊಟ್ಟು, ಬಳಕೆ ತಪ್ಪಿದ್ದ ‘ಗೊನಿಯೊಬ್ರಾಂಕಸ್’ ಎಂಬ ಹೆಸರನ್ನು ಮತ್ತೆ ಹೊರತೆಗೆದರು. ನಮ್ಮ ಹುಳು ಈಗ ‘ಗೊನಿಯೊಬ್ರಾಂಕಸ್ ಬಾಂಬಯಾನಸ್’. ಅಡ್ಡಹೆಸರು ಲ್ಯಾಟಿನ್ ವ್ಯಾಕರಣದಲ್ಲಿ ಪುಲ್ಲಿಂಗವಾದ್ದರಿಂದ ‘ನಾ’ ಹೋಗಿ ‘ನಸ್’ ಬಂತು. ಹುಳುವೋ, ಒಂದೇ ಮೈಯಲ್ಲಿ ಗಂಡೂ ಹೌದು, ಹೆಣ್ಣೂ ಹೌದು.

ಇದೆಲ್ಲ ಪಂಡಿತರ ಕಾಲಹರಣ ಎನ್ನುವವರಿಗೆ ಒಂದು ಮಾತು. 2016ರಲ್ಲಿ ಹೊಸ ಪಟ್ಟಿಯ ಕ್ರೊಮೊಡೊರಿಸ್‌ನ ಐದು ಪ್ರಭೇದಗಳನ್ನು ಪರೀಕ್ಷಿಸಿದಾಗ ಐದರ ಮೈಯಂಚಿನಲ್ಲೂ ಸಿಕ್ಕಿದ್ದು ಲ್ಯಾಟ್ರುಂಕುಲಿನ್ ಎಂಬ ಒಂದೇ ವಿಷ. ಜೀವಕೋಶದ ಒಳಹಂದರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಬಳಸುವ ರಾಸಾಯನಿಕ ಅದು. ಗೊನಿಯೊಬ್ರಾಂಕಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ವಿಷಗಳೇ ಬೇರೆ. ಯಾವ ಹುಳುವಿನಲ್ಲಿ ಏನನ್ನು ಹುಡುಕಬೇಕು ಎಂಬುದಕ್ಕೆ ವಂಶಾವಳಿ ದಾರಿ ತೋರಿಸುತ್ತದೆ. ಎರಡನ್ನೂ ಒಂದೇ ಹೆಸರಿನಡಿ ಇಟ್ಟಿದ್ದ ಹಳೆಯ ಪಟ್ಟಿಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗಿತ್ತು.

ಹಳೆಯ ಪುಸ್ತಕಗಳಲ್ಲಿ ಹಳೆಯ ಹೆಸರೇ ಇರುತ್ತದೆ. ಹಾಗಾಗಿ ಪ್ರಾಣಿಶಾಸ್ತ್ರ ಓದುವ ಗೆಳೆಯರು ಈ ಹುಳುವನ್ನು ಹುಡುಕುವಾಗ ಮೂರೂ ಅಡ್ಡಹೆಸರು ಹಾಕಿ ನೋಡಿ. ರಾಯಬಾಗದ ಹಳೆಯ ದಾಖಲೆ ಬೇಕಾದವರು ಕೊಲ್ಹಾಪುರದ ಕಡತಗಳನ್ನೂ ನೋಡಬೇಕಲ್ಲ, ಹಾಗೆ.