ಮೀನುಗೂಬೆಯ ದಾಯಾದಿ

ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಮೊಲ, ಕಾಡುಕೋಳಿಗಳಷ್ಟೇ ಅಲ್ಲ, ನವಿಲಿನ ಮೇಲೂ ಎರಗಬಲ್ಲ ಗೂಬೆಯೊಂದಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ಸ್ಪಾಟ್-ಬೆಲ್ಲೀಡ್ ಈಗಲ್ ಔಲ್. ಸುಮಾರು ಎರಡಡಿ ಉದ್ದ, ಬಿಳಿಚು ಹೊಟ್ಟೆಯ ತುಂಬ ಕಡುಕಂದು ಚುಕ್ಕೆ, ಪಕ್ಕಕ್ಕೆ ವಾಲಿದ ಕೊಂಬಿನಂಥ ಕಿವಿಗರಿ, ಕಂದು ಕಣ್ಣು. ಮರದ ಪೊಟರೆಯಲ್ಲೋ ಬೇರೆ ಹಕ್ಕಿ ಬಿಟ್ಟುಹೋದ ಗೂಡಿನಲ್ಲೋ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಶ್ರೀಲಂಕಾದಲ್ಲಿ ರಾತ್ರಿ ಚೀರಿ ಜನರನ್ನು ಬೆಚ್ಚಿಬೀಳಿಸುವ ‘ಉಲಮಾ’ ಎಂಬ ದೆವ್ವದ ಹಕ್ಕಿ ಇದೇ ಇರಬೇಕೆಂದು ಹಲವರ ಅಭಿಪ್ರಾಯ.

ಇದನ್ನು 1836ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ನೇಪಾಳದಲ್ಲಿದ್ದ ಬ್ರಿಟಿಷ್ ಅಧಿಕಾರಿ ಬ್ರಯಾನ್ ಹಾಜ್ಸನ್. ಬಹುಕಾಲ ಪಕ್ಷಿತಜ್ಞರು ಇದನ್ನು ‘ಬ್ಯೂಬೋ’ ಕುಲದಲ್ಲಿಟ್ಟಿದ್ದರು. ನಮ್ಮ ಬಂಡೆಗುಡ್ಡಗಳ ಕೊಂಬಿನ ಗೂಬೆಯ ಕುಲವೂ ಅದೇ. ದೊಡ್ಡ ಮೈ, ಕೊಂಬಿನಂಥ ಕಿವಿಗರಿ, ಪುಕ್ಕ ಹೊದ್ದ ಕಾಲು: ಇಬ್ಬರೂ ಒಂದೇ ಮನೆಯವರೆನ್ನಲು ಇಷ್ಟು ಸಾಕೆನಿಸಿತ್ತು. ಕಾಲು ಬೋಳಾಗಿದ್ದ ಮೀನುಗೂಬೆಗಳಿಗೆ ‘ಕೆಟುಪ’ ಎಂಬ ಬೇರೆ ಕುಲವಿತ್ತು.

ಡಿಎನ್ಎ ಹೋಲಿಕೆ ಶುರುವಾದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಕಿವಿಗರಿ ಎದ್ದು ಕಾಣದ, ಧ್ರುವಪ್ರದೇಶದ ಬಿಳಿ ಹಿಮಗೂಬೆ ಬ್ಯೂಬೋದ ಒಳಗಿನದೇ ಎಂದು ತಿಳಿಯಿತು. ಕಾಡಿನ ಈ ಗೂಬೆಯೋ ಕೊಂಬಿನ ಗೂಬೆಗಿಂತ ಮೀನುಗೂಬೆಗಳಿಗೇ ಹತ್ತಿರವಾಗಿತ್ತು. ಒಂದಷ್ಟು ಕಾಲ ಎಲ್ಲವನ್ನೂ ಬ್ಯೂಬೋದಲ್ಲೇ ಕೂಡಿಸುವ ಯತ್ನ ನಡೆಯಿತು. ಇತ್ತೀಚಿನ ಜಾಗತಿಕ ಪಟ್ಟಿಗಳು ಮಾತ್ರ ಇದನ್ನು ‘ಕೆಟುಪ ನಿಪಾಲೆನ್ಸಿಸ್’ ಎಂದು ಕರೆಯುತ್ತಿವೆ. ಕೊಂಬಿನ ಗೂಬೆ ಬ್ಯೂಬೋದಲ್ಲೇ ಉಳಿದಿದೆ.

ಕಣ್ಣಿಗೆ ಕಂಡ ಸಾಕ್ಷ್ಯ ಏಕೆ ದಾರಿ ತಪ್ಪಿಸಿತು? ಮೀನು ಹಿಡಿಯುವ ಗೂಬೆ ಪದೇ ಪದೇ ಕಾಲನ್ನು ನೀರಿಗಿಳಿಸಬೇಕು. ಪುಕ್ಕವಿದ್ದರೆ ತೊಯ್ದು ಭಾರ. ಜಾರುವ ಮೀನನ್ನು ಹಿಡಿಯಲು ಅದರ ಬೆರಳಡಿಯಲ್ಲಿ ಮುಳ್ಳಿನಂಥ ಹುರುಪೆಗಳಿವೆ. ನೀರೊಳಗಿನ ಮೀನಿಗೆ ರೆಕ್ಕೆಯ ಸದ್ದು ಕೇಳದ್ದರಿಂದ, ಬೇರೆ ಗೂಬೆಗಳ ಗರಿಯಂಚಿನಲ್ಲಿರುವ ಸದ್ದಡಗಿಸುವ ಕುಚ್ಚೂ ಅದಕ್ಕೆ ಅಷ್ಟಾಗಿ ಬೇಕಿಲ್ಲ. ಇವೆಲ್ಲ ಕಸುಬು ತಂದ ಬದಲಾವಣೆಗಳು. ಕಾಡಿನಲ್ಲಿ ಬೇಟೆಯಾಡುವ ದಾಯಾದಿಗೆ ಪುಕ್ಕದ ಕಾಲೇ ಅನುಕೂಲ. ಹಾಗಾಗಿ ಬೋಳುಗಾಲು ಒಂದು ಗೂಬೆ ಹೇಗೆ ಬದುಕುತ್ತದೆ ಎಂಬುದನ್ನು ಹೇಳೀತು. ಯಾರ ವಂಶದ್ದು ಎಂಬುದಕ್ಕೆ ಅದೊಂದನ್ನೇ ನಂಬುವಂತಿಲ್ಲ.